ಬೆಲ್ಲದ ಗಾರೆಯಲ್ಲಿ ಕೂರಿಸಿದ ಮಸೂರ

ಹೊಸಪೇಟೆಯಲ್ಲಿ ನನ್ನದು ಬೆಲ್ಲದ ಅಂಗಡಿ. ಆದರೂ ಫೋಟೋ ತೆಗೆಯುವ ವಿದ್ಯೆ ನನಗೆ ಹುಟ್ಟಿನಿಂದಲೇ ಒಲಿದಿದೆ ಎಂಬ ವಿಷಯದಲ್ಲಿ ನನಗೆ ಲವಲೇಶವೂ ಸಂಶಯವಿರಲಿಲ್ಲ. ಮದರಾಸಿಗೆ ವರ್ಗವಾಗಿ ಹೊರಟ ಗುಮಾಸ್ತರೊಬ್ಬರು ಮಸೂರ ಒಡೆದ ಕ್ಯಾಮೆರಾವನ್ನೂ ಚಿತ್ರ ಹಿಡಿಯುವ ಗಾಜಿನ ಪ್ಲೇಟುಗಳಲ್ಲಿ ಉಳಿದಿದ್ದ ಒಂದೇ ಒಂದನ್ನೂ ನನಗೆ ಕೊಟ್ಟುಹೋದರು. ಸಂಡೂರಿನ ಸಂತೆಯಲ್ಲಿ ಹಳೇ ದುರ್ಬೀನಿನ ಮಸೂರ ಸಿಕ್ಕಿತು. ಕ್ಯಾಮೆರಾದ ತೂತು ದೊಡ್ಡದು, ಮಸೂರ ಚಿಕ್ಕದು. ಸಂದು ಮುಚ್ಚುವುದು ಹೇಗೆ? ಹಂಪಿಯ ಗೋಡೆಗಳೇ ಬೆಲ್ಲ, ಸುಣ್ಣದ ಗಾರೆಯಲ್ಲಿ ನಿಂತಿವೆಯಂತೆ. ಒಂದು ಗಾಜಿನ ಬಿಲ್ಲೆ ನಿಲ್ಲಲಾರದೇ? ಸುಣ್ಣ ಒಂದು ಚಿಟಿಕೆ ಹಾಕಿದೆ. ಬೆಲ್ಲ ಅಂಗಡಿಯದೇ ಆದ್ದರಿಂದ ಧಾರಾಳವಾಗಿ ಸುರಿದೆ.

ಹೆಂಡತಿ ಗೌರಮ್ಮನ ಸಂಭ್ರಮ ನನಗಿಂತ ಹೆಚ್ಚು. ಕಂಪ್ಲಿಯಿಂದ ಅವಳ ತಾಯಿ ಬಂದಿದ್ದರು. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ಜೀವಮಾನವಿಡೀ ತಪ್ಪಿಸಿಕೊಂಡವರು. "ಅವ್ವನ ಮುಖ ದಿನಾ ನೋಡಂಗಾಗಬೇಕು" ಎಂದು ಇವಳು ಅತ್ತು ಕರೆದು ಒಪ್ಪಿಸಿದ್ದಳು.

"ಒಂದ ಸರ್ತಿ ನೋಡ್ರಿ ಅಳಿಯಂದ್ರ. ಎರಡನೇದು ಕೇಳಬ್ಯಾಡ್ರಿ" ಎಂದರು ಅತ್ತೆ.

ಬೆಳಿಗ್ಗೆ ನೆರಳಿನಲ್ಲಿ ಪರೀಕ್ಷಿಸಿದಾಗ ಕ್ಯಾಮೆರಾದ ಹಿಂದಿನ ಮಬ್ಬುಗಾಜಿನ ಮೇಲೆ ಬೇವಿನಮರ ಎಲೆ ಎಲೆಯಾಗಿ ಮೂಡಿತ್ತು. ತಲೆಕೆಳಗಾಗಿ ಮೂಡಿತ್ತು, ಅದು ಶಾಸ್ತ್ರವೇ. ಅತ್ತೆ ರೇಷ್ಮೆ ಸೀರೆಯುಟ್ಟು, ವಿಭೂತಿ ಹಚ್ಚಿಕೊಂಡು ಅಂಗಳಕ್ಕೆ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಕರಿಬಟ್ಟೆಯೊಳಗೆ ತಲೆ ತೂರಿಸಿದೆ. ಅತ್ತೆ ಇರಬೇಕಾದಲ್ಲಿ ಬರೀ ಮೋಡ!

ಕ್ಯಾಮೆರಾದ ಮುಂಭಾಗವನ್ನು ಹಿಂದಕ್ಕೆ ಎಳೆದೆ. ಮುಖ ತಿಳಿಯಾಯಿತು. ಪ್ಲೇಟಿಗೆ ಕೈ ಹಾಕುವಷ್ಟರಲ್ಲಿ ಮತ್ತೆ ಮೋಡ. ಮುಂದಕ್ಕೆ ತಳ್ಳಿದೆ. ಕುರ್ಚಿ ಸರಿಸಿದೆ. ಕೊನೆಗೆ ಅಪವಾದವನ್ನು ಅತ್ತೆಯ ಮೇಲೇ ಹೊರಿಸಿದೆ.

"ಅಲುಗಾಡಬ್ಯಾಡ್ರಿ ಅತ್ತೆವ್ರ."

"ನಾ ಉಸರೂ ಬಿಟ್ಟಿಲ್ಲ. ಅಲುಗಾಡೂದು ನಿಮ್ಮ ಡಬ್ಬಿ."

ಗೌರಮ್ಮ ಕ್ಯಾಮೆರಾದ ಮುಂದೆ ಬಗ್ಗಿ ನೋಡಿದಳು. "ರೀ, ಬೆಲ್ಲ ಕರಗಿ ಗಾಜು ಜಾರಾಕತ್ತೈತಿ. ಇರುವಿನೂ ಹತ್ಯಾವ."

"ಶಾಸ್ತ್ರದ ವಿಷಯದಾಗ ಬಾಯಿ ಹಾಕಬ್ಯಾಡ" ಎಂದು ಗದರಿ, ಮಸೂರವನ್ನು ಹೆಬ್ಬೆರಳಿನಿಂದ ಮೇಲಕ್ಕೊತ್ತಿ, ಅದಕ್ಕೆ ಮುಚ್ಚಳ ಹಾಕಿ, ಗಡಿಬಿಡಿಯಲ್ಲಿ ಪ್ಲೇಟು ತೂರಿಸಿ ಮುಚ್ಚಳ ತೆಗೆದೆ.

ಸಂಜೆ ಅಡುಗೆಮನೆಯನ್ನು ಕತ್ತಲು ಮಾಡಿ ಪ್ಲೇಟು ತೊಳೆದು, ಮರುದಿನ ಕಾಗದದ ಮೇಲೆ ಚಿತ್ರ ಇಳಿಸಿದೆ. ಚಿತ್ರದ ತುಂಬ ಬೆಳ್ಳಗಿನ ಮಂಜು. ನಟ್ಟನಡುವೆ ಒಂದು ಇರುವೆ! ಒಳಗೆ ನುಗ್ಗಿ ಪ್ಲೇಟಿಗೇ ಅಂಟಿಕೊಂಡಿದ್ದ ಅದು ಕಾಲು, ಮೀಸೆ ಸಮೇತ ಸ್ಪಷ್ಟವಾಗಿ ಬಿದ್ದಿತ್ತು. ಅಲುಗಾಡದೆ ಕೂತದ್ದು ಅದೊಂದೇ.

"ನಮ್ಮವ್ವ ಎಲ್ಲಿ ಅದಾಳ್ರೀ?" ಎಂದಳು ಗೌರಮ್ಮ. ಅವಳ ಕಣ್ಣು ತುಂಬಿದ್ದು ಕಂಡು ನನಗೆ ನಿಜಕ್ಕೂ ಸಂಕಟವಾಯಿತು.

ಅತ್ತೆ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನೆಮ್ಮದಿಯ ಉಸಿರು ಬಿಟ್ಟರು.

"ಅಳಬ್ಯಾಡ ಬಿಡು. ನಾ ಇದರಾಗ ಇಲ್ಲ. ಆಯುಷ್ಯ ಹೋಗಿದ್ದರ ಆ ಇರುವಿದು ಹೋಗಿರಬೇಕು, ಪಾಪ. ಬ್ಯಾರೆಯವರ ಡಬ್ಬಿ ಮುಂದ ನಾ ಒಲ್ಲೆ. ಅಳಿಯಂದ್ರ ಡಬ್ಬಿ ಮುಂದ ಎಷ್ಟು ಸರ್ತಿ ಬೇಕಾದ್ರೂ ಕುಂದ್ರತೀನಿ. ಏನೂ ಆಗಂಗಿಲ್ಲ."

ನನ್ನ ಕಲೆಯ ಮೇಲೆ ಇಷ್ಟು ಭರವಸೆ ಇಟ್ಟವರು ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಅವರೊಬ್ಬರೇ.