ಕಣ್ಣಿಗೆ ಪೆಟ್ಟಿಗೆ ಕಟ್ಟಿಕೊಂಡ ವೀರರು

ಕಣ್ಣಿಗೆ ಪೆಟ್ಟಿಗೆ ಕಟ್ಟಿಕೊಂಡ ಮನುಷ್ಯ ತನ್ನನ್ನು ಯಾರೂ ನೋಡುತ್ತಿಲ್ಲ ಅಂತಲೇ ತಿಳಿದುಕೊಂಡಿರುತ್ತಾನೆ. ನೋಡಲಿಕ್ಕೆ ನಾನೊಬ್ಬ ಪಕ್ಕದಲ್ಲೇ ನಿಂತಿರುತ್ತೇನೆ. ಹೀಗಾಗಿ ನಮ್ಮಲ್ಲಿ ವಾರಕ್ಕೊಮ್ಮೆಯಾದರೂ ಏನಾದರೂ ಆಗುತ್ತಲೇ ಇರುತ್ತದೆ. ಏನೂ ಆಗದ ವಾರ ನನಗೇ ಊಟ ಸೇರುವುದಿಲ್ಲ.

ಮದ್ದೂರಿನ ಬಸ್ ಸ್ಟ್ಯಾಂಡಿನ ಎದುರು, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ನನ್ನದೊಂದು ವಿ.ಆರ್. ಗೇಮಿನ ಅಂಗಡಿ. ಆಟ ಒಂದೇ. ಪೆಟ್ಟಿಗೆಯಂಥ ಕನ್ನಡಕವನ್ನು ತಲೆಗೆ ಬಿಗಿದು, ಎರಡು ಕೈಗೂ ಒಂದೊಂದು ಹಿಡಿಕೆ ಕೊಡುತ್ತೇನೆ. ತಕ್ಷಣ ನೀವು ಬೆನ್ನಿಗೆ ಕೆಂಪು ಬಟ್ಟೆ ಕಟ್ಟಿಕೊಂಡ ಸೂಪರ್ ಹೀರೋ. ದೊಡ್ಡ ಪಟ್ಟಣವೊಂದರ ಮೇಲೆ ಹಾರಬೇಕು, ಉರಿಯುವ ಕಟ್ಟಡದಿಂದ ಒಬ್ಬ ಹೆಣ್ಣುಮಗಳನ್ನು ಎತ್ತಿಕೊಂಡು ಬರಬೇಕು, ಸೇತುವೆ ಮೇಲೆ ನೇತಾಡುವ ಬಸ್ಸನ್ನು ಎಳೆಯಬೇಕು, ಕೊನೆಗೆ ಒಬ್ಬ ಕಬ್ಬಿಣದ ರಾಕ್ಷಸನನ್ನು ಗುದ್ದಿ ಕೆಡವಬೇಕು. ಒಳಗೆ ನಿಮಗೆ ಕಾಣುವುದೆಲ್ಲ ಗೋಡೆಯ ಟಿ.ವಿ.ಯಲ್ಲಿ ನನಗೂ ಕಾಣುತ್ತದೆ. ನನ್ನ ಕೆಲಸ ನಿಮ್ಮ ಬೆನ್ನ ಹಿಂದೆ ನಿಂತು, ನೀವು ಗೋಡೆಗೆ ಗುದ್ದದ ಹಾಗೆ ನೋಡಿಕೊಳ್ಳುವುದು.

ಬಂದವರು ಪೆಟ್ಟಿಗೆ ಹಾಕಿಕೊಂಡ ಕೂಡಲೇ ಎಲ್ಲಿಗೋ ಹೊರಟುಹೋಗುತ್ತಾರೆ. ಲೆಕ್ಕಕ್ಕೆ ಕೋಣೆಯಲ್ಲಿ ಇಬ್ಬರು. ಇರುವವನು ಮಾತ್ರ ನಾನೊಬ್ಬ. ನನಗೆ ನಲವತ್ತೊಂದು. ಮದುವೆ ಆಗಿಲ್ಲ. ಅಂಗಡಿಯ ಹಿಂದಿನ ಸಣ್ಣ ಕೋಣೆಯೇ ಮನೆ.

ಕಣ್ಣು ತೋರಿಸಲು ಬಂದ ಅಜ್ಜಿ

ಅಂಗಡಿಯ ಬೋರ್ಡಿನಲ್ಲಿ ಪೆಟ್ಟಿಗೆ ಹಾಕಿಕೊಂಡ ಒಬ್ಬನ ದೊಡ್ಡ ಚಿತ್ರ ಇದೆ. ಅದನ್ನು ನೋಡಿ ಒಂದು ಬೆಳಿಗ್ಗೆ ಒಬ್ಬ ಅಜ್ಜಿ ಮೆಟ್ಟಿಲು ಹತ್ತಿ ಬಂದರು. ಬೆಳಕವಾಡಿ ಕಡೆಯವರು. ಮುತ್ತತ್ತಿರಾಯನ ಗುಡಿಗೆ ಹೋಗಿಬಂದು, ಮದ್ದೂರಿನ ನೆಂಟರ ಮನೆಯಲ್ಲಿದ್ದು, ಊರಿನ ಬಸ್ಸಿಗೆ ಕಾಯುತ್ತಿದ್ದರಂತೆ.

"ಕಣ್ಣು ತೋರುಸ್ಬೇಕಾಗಿತ್ತು ಕಣಪ್ಪ," ಅಂದರು.

"ಇದು ಕಣ್ಣಿನ ಆಸ್ಪತ್ರೆ ಅಲ್ಲ ಅಜ್ಜಿ, ಆಟದ ಅಂಗಡಿ."

"ಇಷ್ಟು ಮೆಟ್ಲು ಅತ್ಕಂಡ್ ಬಂದಿವ್ನಿ, ಅದೇನೈತೋ ಅದ್ರಲ್ಲೇ ನೋಡ್ಬುಡು."

ಗಿರಾಕಿ ಯಾರೂ ಇರಲಿಲ್ಲ. ಸ್ಟೂಲಿನ ಮೇಲೆ ಕೂರಿಸಿ ಪೆಟ್ಟಿಗೆ ಹಾಕಿದೆ. ಅಜ್ಜಿ ಒಂಚೂರೂ ಹೆದರಲಿಲ್ಲ. ಪಟ್ಟಣದ ಮೇಲೆ ಹಾರುತ್ತಾ, "ಇಷ್ಟೊಂದು ಮನೆ ಕಟ್ಟವ್ರೆ, ಒಂದ್ ಎಮ್ಮೆ ಇಲ್ವಲ್ಲಪ್ಪ. ಇವ್ರು ಆಲಿಗೆ ಏನ್ ಮಾಡ್ತಾರೆ?" ಅಂತ ವಿಚಾರಿಸಿದರು. ಅಷ್ಟರಲ್ಲಿ ಉರಿಯುವ ಕಟ್ಟಡ ಬಂತು. ಮಹಡಿಯ ಮೇಲೆ ಆ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಕಾಪಾಡಿ ಕಾಪಾಡಿ ಅಂತ ಕೂಗುತ್ತಿದ್ದಳು.

ಅಜ್ಜಿ ಅವಳ ಪಕ್ಕದಲ್ಲೇ ಇಳಿದರು. "ಯಾಕವ್ವ ಅಳ್ತೀಯೆ? ಯಾರ್ ಮಗ್ಳು ನೀನು? ಉಂಡ್ಯಾ?"

ಅವಳು ಮತ್ತೆ ಅದನ್ನೇ ಕೂಗಿದಳು. ಬೆಂಕಿ ಹತ್ತಿರ ಬಂತು. ನಾನು ಗಾಬರಿಯಿಂದ, "ಅಜ್ಜಿ, ಮಾತು ಆಮೇಲೆ. ಅವಳನ್ನ ಎತ್ತಿಕೊಂಡು ಹಾರಿ!" ಅಂದೆ.

"ಇರಪ್ಪ, ವಯ್ಸಿಗ್ ಬಂದ ಎಣ್ಣು. ಒಂದ್ ಮಾತು ಕೇಳ್ದೆ ಎತ್ಕಳಕಾಯ್ತದಾ?"

ಕೇಳುತ್ತಾ ಇದ್ದ ಹಾಗೇ ಕಟ್ಟಡ ಕುಸಿದು ಪರದೆ ಕೆಂಪಾಯಿತು. ಪೆಟ್ಟಿಗೆ ತೆಗೆದೆ. ಅಜ್ಜಿಯ ಮುಖ ಸಪ್ಪಗಾಗಿತ್ತು.

"ಆ ಎಣ್ಮಗ್ಳಿಗೆ ಯಾರೂ ಇಲ್ವೇನಪ್ಪ?"

"ಅದು ಬರೀ ಚಿತ್ರ ಅಜ್ಜಿ."

ಅಜ್ಜಿ ಕೋಣೆಯನ್ನೊಮ್ಮೆ ನೋಡಿದರು. ಕಿಟಕಿಯಲ್ಲಿ ತೊಳೆದು ಬೋರಲು ಹಾಕಿದ್ದ ಒಂದು ತಟ್ಟೆ, ಒಂದು ಲೋಟ. "ನಿಂಗೆ?" ಅಂದರು.

"ಮಳವಳ್ಳೀಲಿ ಅಕ್ಕ ಅವ್ಳೆ," ಅಂದೆ.

ಅವರು ಚೀಲದಿಂದ ಪ್ರಸಾದದ ಬಾಳೆಹಣ್ಣು ಎರಡು ತೆಗೆದು ನನ್ನ ಕೈಗಿಟ್ಟರು. ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತು, ಡಾಕ್ಟರಿಗೆ ಹೇಳುವ ಹಾಗೆ ಹೇಳಿದರು: "ನಿನ್ ಕನ್ನಡ್ಕದಲ್ಲಿ ದೂರದ್ದೆಲ್ಲ ಚೆಂದಾಗ್ ಕಾಣ್ತದೆ ಕಣಪ್ಪ. ಪಕ್ಕದಲ್ಲಿರೋರೇ ಕಾಣಾಕಿಲ್ಲ. ಅದೊಂದ್ ರಿಪೇರಿ ಮಾಡ್ಸು."

ನೇತಾಡುವ ಬಸ್ಸು

ಕೊಳ್ಳೇಗಾಲದ ಕಡೆ ಹೋಗುವ ಒಂದು ಖಾಸಗಿ ಬಸ್ಸಿನ ಡ್ರೈವರ್ ಹೊರಡುವ ಟೈಮಿಗೆ ಇನ್ನೂ ಕಾಲು ಗಂಟೆ ಇದೆ ಅಂತ ಮೇಲೆ ಬಂದ. ಪೆಟ್ಟಿಗೆ ಹಾಕಿದೆ. "ಕೈ ಮುಂದೆ ಚಾಚಿ, ಹಾರ್ತೀರಿ," ಅಂದೆ.

"ನನ್ ಲೈಸೆನ್ಸು ರೋಡಿಗೆ ಕಣ್ರೀ," ಅಂದ. ಹಾರಲೇ ಇಲ್ಲ. ಶುರುವಿನ ಗೋಪುರದಿಂದ ಲಿಫ್ಟಿನಲ್ಲಿ ಇಳಿದು, ಇಡೀ ಪಟ್ಟಣವನ್ನು ಎಡಗಡೆ ಫುಟ್‌ಪಾತಿನಲ್ಲಿ ನಡೆದುಕೊಂಡು ಹೋದ. ಕೆಂಪು ಬಟ್ಟೆಯ ಹೀರೋ ಸಿಗ್ನಲ್ಲಿನಲ್ಲಿ ನಿಂತು ಕಾಯುವುದನ್ನು ನಾನು ಅವತ್ತೇ ನೋಡಿದ್ದು.

ಸೇತುವೆ ಬಂತು. ಬಸ್ಸು ಅರ್ಧ ಸೇತುವೆ ಮೇಲೆ, ಅರ್ಧ ಗಾಳಿಯಲ್ಲಿ. ಹಿಂದಿನಿಂದ ಹಿಡಿದು ಎಳೆಯಿರಿ ಅಂದರೆ, ಈತ ನೇರ ಮುಂದುಗಡೆ ಹೋಗಿ ಬಾಗಿಲಲ್ಲಿ ಇಣುಕಿದ. "ಯಾವನಯ್ಯ ಇಲ್ಲಿ ನಿಲ್ಸಿ ವೋಗಿರಾನು? ಹ್ಯಾಂಡ್ ಬ್ರೇಕ್ ಬ್ಯಾರೆ ಹಾಕಿಲ್ಲ!" ಅಂತ ಬೈದು, ಪ್ರಯಾಣಿಕರ ಕಡೆ ತಿರುಗಿ, "ಎಂಗಸ್ರು ಮಕ್ಳು ಮೊದ್ಲು ಇಳೀರಿ. ಲಗೇಜು ಆಮೇಲೆ," ಅಂತ ಶುರು ಮಾಡಿದ.

ಕಾಲು ಗಂಟೆ ಯಾವಾಗಲೋ ಮುಗಿದಿತ್ತು. ಕೆಳಗೆ ನಿಜವಾದ ಬಸ್ಸಿನ ಕಂಡಕ್ಟರ್ ವಿಜಲ್ ಊದಿದ. ಅದು ಕಿಟಕಿಯಿಂದ ಕೇಳಿಸಿತು. ನಮ್ಮ ಹೀರೋ ಸಿಟ್ಟಿಗೆದ್ದ. "ಲೇ, ಇಂದ್ಗಡೆ ಚಕ್ರ ಗಾಳೀಲೈತೆ, ರೈಟ್ ಅಂತೀಯಲ್ಲೋ!"

ಕಂಡಕ್ಟರ್ ಇನ್ನೂ ಜೋರಾಗಿ ಊದಿದ. ಇವನು ಇನ್ನೂ ಜೋರಾಗಿ ಬೈದ. ನಾನು ಭುಜ ತಟ್ಟಿ ಕರೆದರೆ, "ತಳ್ಬೇಡಿ, ಎಲ್ರುನ್ನೂ ಇಳುಸ್ತೀನಿ," ಅಂತ ನನ್ನ ಕೈ ಕೊಡವಿದ. ಕೊನೆಗೆ ಕಂಡಕ್ಟರ್ ಮೇಲೆ ಹತ್ತಿ ಬಂದ. ಅವನ ಹಿಂದೆ ತಾಳ್ಮೆಗೆಟ್ಟ ಹತ್ತು ಹದಿನೈದು ಜನ ಪ್ರಯಾಣಿಕರೂ ಬಂದರು. ಕೋಣೆ ತುಂಬಿಹೋಯಿತು. ನಡುವೆ ಪೆಟ್ಟಿಗೆ ಕಟ್ಟಿಕೊಂಡ ಡ್ರೈವರ್ ಕೈ ಬೀಸುತ್ತಾ, "ಇಳೀರಿ ಇಳೀರಿ, ಬೇಗ ಇಳೀರಿ" ಅನ್ನುತ್ತಿದ್ದಾನೆ.

ಸೊಪ್ಪಿನ ಬುಟ್ಟಿ ಹೊತ್ತಿದ್ದ ಒಬ್ಬ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು, "ನಾವ್ ಇನ್ನೂ ಅತ್ತೇ ಇಲ್ವಲ್ಲೋ, ಎಲ್ಲಿಂದ ಇಳೀಲೋ?"

ಜನ ನಕ್ಕರು, ಬೈದರು, ಟಿ.ವಿ. ನೋಡಿದರು, ಡ್ರೈವರನ ಪೆಟ್ಟಿಗೆ ಕಳಚಿಸಿ ಅವನನ್ನೂ ಕರೆದುಕೊಂಡು ಇಳಿದು ಹೋದರು. ಬಸ್ಸು ಹೊರಟ ಮೇಲೆ ಕೋಣೆ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಯಾರೋ ಒಂದು ಕೊಡೆ ಬಿಟ್ಟುಹೋಗಿದ್ದರು. ಕೇಳಿಕೊಂಡು ಯಾರಾದರೂ ಬಂದೇ ಬರುತ್ತಾರೆ ಅಂತ ಬಾಗಿಲ ಪಕ್ಕದಲ್ಲೇ ನಿಲ್ಲಿಸಿ, ದಿನಾ ಅದರ ಧೂಳು ಒರೆಸುತ್ತಿದ್ದೆ. ಎಂಟನೆಯ ದಿನ ಒಬ್ಬ ಯಜಮಾನರು ಬಂದರು. ಎದ್ದು ಕುರ್ಚಿ ಕೊಟ್ಟೆ, ಟೀ ತರಿಸಲಾ ಅಂದೆ. ಅವರು ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು, ಟಿ.ವಿ. ಕಡೆ ಒಂದು ಸಲ ನೋಡಿ, "ಪಾಪ, ಆ ಜನಾನೆಲ್ಲ ಬ್ಯಾರೆ ಬಸ್ಸಿಗೆ ಅತ್ತುಸ್ದ್ರಾ?" ಅಂತ ಮಾತ್ರ ಕೇಳಿದರು.

ಚಪ್ಪಾಳೆ

ಪರೀಕ್ಷೆಯ ತಿಂಗಳಲ್ಲಿ ನಮ್ಮ ಕಡೆಗೆ ನೊಣವೂ ಬರುವುದಿಲ್ಲ. ಅಂಥ ಮಧ್ಯಾಹ್ನಗಳಲ್ಲಿ ನಾನೇ ಪೆಟ್ಟಿಗೆ ಹಾಕಿಕೊಳ್ಳುತ್ತೇನೆ. ರಾಕ್ಷಸನನ್ನು ಕೆಡವಿದ ಮೇಲೆ ಆಟದಲ್ಲೊಂದು ಸಂಭ್ರಮ ಇದೆ. ಪಟ್ಟಣದ ಜನರೆಲ್ಲ ಬೀದಿಗೆ ಬಂದು ಸುತ್ತ ನಿಂತು ಚಪ್ಪಾಳೆ ತಟ್ಟುತ್ತಾರೆ. ಗಂಡಸರು, ಹೆಂಗಸರು, ಊರುಗೋಲು ಹಿಡಿದ ಒಬ್ಬ ಮುದುಕ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿರುತ್ತಾರೆ.

ಮೊದಮೊದಲು ಸುಮ್ಮನೆ ನಿಲ್ಲುತ್ತಿದ್ದೆ. ಆಮೇಲೆ, ಅಷ್ಟು ಜನ ಬಂದಿದ್ದಾರೆ, ಒಂದು ಮಾತೂ ಆಡದಿದ್ದರೆ ಚೆನ್ನಾಗಿರುವುದಿಲ್ಲ ಅನ್ನಿಸಿತು. ಕೈ ಮುಗಿದೆ. ಇನ್ನೊಂದು ದಿನ, "ಇರ್ಲಿ ಬುಡಿ, ಅದೇನ್ ದೊಡ್ಡ ಕೆಲ್ಸ," ಅಂದೆ. ಹೀಗೇ ಅಭ್ಯಾಸವಾಯಿತು.

ಒಂದು ದಿನ ಅಕ್ಕ ಹೇಳದೆ ಕೇಳದೆ ಮಳವಳ್ಳಿಯಿಂದ ಉಪ್ಸಾರು, ಮುದ್ದೆ ಕಟ್ಟಿಕೊಂಡು ಬಂದಳು. ಬಾಗಿಲು ತೆರೆದೇ ಇತ್ತು. ಟಿ.ವಿ. ಆರಿಸಿದ್ದೆ. ಹಾಗಾಗಿ ಅವಳಿಗೆ ಕಂಡದ್ದು ಇಷ್ಟೇ: ಖಾಲಿ ಕೋಣೆ, ಗೋಡೆಗೆ ಕೈ ಮುಗಿದು ನಿಂತ ತಮ್ಮ. "ಬನ್ನಿ ಬನ್ನಿ, ನಿಂತೇ ಇದ್ದೀರಲ್ಲ. ಯಾವೂರಾಯ್ತು ನಿಮ್ದು? ಊಟ ಮಾಡ್ಕಂಡೇ ವೋಗ್ಬೇಕು," ಅನ್ನುತ್ತಿದ್ದೇನೆ.

ನಾನು ಪೆಟ್ಟಿಗೆ ತೆಗೆದಾಗ ಅಕ್ಕ ಟಿಫನ್ ಕ್ಯಾರಿಯರ್ ಎದೆಗವಚಿಕೊಂಡು ನಿಂತಿದ್ದಳು. ಕಣ್ಣು ಒರೆಸಿಕೊಂಡಳು. ಮುದ್ದೆ ಬಡಿಸಿದಳು. ನಾನು ಅರ್ಧ ಊಟ ಮಾಡುವವರೆಗೂ ತಡೆದುಕೊಂಡಿದ್ದು, "ಈ ವರ್ಸ ನಿಂಗೆ ಎಣ್ಣು ನೋಡ್ಲೇಬೇಕು ಕಣ್ಲಾ," ಅಂದಳು.

"ಈಗ್ಯಾಕಕ್ಕ ಆ ಮಾತು?"

"ಇನ್ಯಾವಾಗ್ಲಾ?" ಅಂದವಳು ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಅದಿರ್ಲಿ, ಯಾವೂರಂತೆ?"

ಗಂಡು ನೋಡಲು ಬಂದವರು

ನಮ್ಮ ಕಡೆ ಈಗ ಹೆಣ್ಣಿನವರೇ ಬಂದು ಗಂಡನ್ನು ನೋಡಿ, ಬೇಡ ಅಂತ ಹೇಳಿ ಹೋಗುವ ಕಾಲ. ನನ್ನನ್ನು ಆಗಲೇ ಐದಾರು ಮನೆಯವರು ನೋಡಿ ಹೋಗಿದ್ದರು. ಈ ಸಲ ಅಕ್ಕ ಒಬ್ಬ ಬ್ರೋಕರನನ್ನು ಹಿಡಿದಳು. ನನ್ನ ತಮ್ಮನದು ಕಂಪ್ಯೂಟರ್ ಲೈನು ಅಂತ ಅವಳು ಅವನಿಗೆ ಹೇಳಿದಳು. ಅವನು ಅದನ್ನು ಕಂಪನಿ ಅಂತ ಮಾಡಿಕೊಂಡು ಹೆಣ್ಣಿನ ತಂದೆಗೆ ಹೇಳಿದ. ಮಳವಳ್ಳಿ ಹತ್ತಿರದ ಹಳ್ಳಿಯ ರೈತರು ಅವರು. ದೊಡ್ಡ ಮೀಸೆ, ಬಿಳಿ ಅಂಗಿ, ಗಟ್ಟಿ ದನಿ. ಕಂಪನಿ ನೋಡಲು ಬಂದೇಬಿಟ್ಟರು.

ಬಂದವರು ಕೋಣೆಯ ನಾಲ್ಕೂ ಮೂಲೆ ನೋಡಿದರು. "ಕೆಲ್ಸುಕ್ಕೆ ಎಷ್ಟ್ ಜನ ಅವ್ರೆ?"

"ನಾನೊಬ್ನೇ."

"ಮನೇಲಿ?"

"ನಾನೊಬ್ನೇ."

"ಅಡ್ಗೆ ಗಿಡ್ಗೆ?"

ನಾನು ಬಾಯಿ ತೆಗೆಯುವ ಮೊದಲೇ ಬ್ರೋಕರ್, "ಎಲ್ಲಾನು ಒಬ್ರೇ ನಿಭಾಯಿಸ್ತಾರೆ ಗೌಡ್ರೆ. ಇಂಥಾ ಗಂಡು ಇನ್ನೆಲ್ಲಿ ಸಿಕ್ಕಾತು?" ಅಂದ.

ಗೌಡರಿಗೆ ಅಷ್ಟೇನೂ ಸಮಾಧಾನವಾದ ಹಾಗೆ ಕಾಣಲಿಲ್ಲ. "ಅದೇನ್ ಆಟವೋ ತೋರ್ಸು ನೋಡನ," ಅಂದರು. ಪೆಟ್ಟಿಗೆ ಹಾಕಿದೆ. ಆಟ ಶುರುವಾಗುವುದೇ ನೂರು ಅಂತಸ್ತಿನ ಒಂದು ಗೋಪುರದ ತುದಿಯಲ್ಲಿ. ಹೀರೋ ಅಲ್ಲಿಂದ ಹಾರಬೇಕು. ಗೌಡರು ಕೆಳಗೆ ನೋಡಿದರು. ಹಿಡಿಕೆಗಳು ಕೈಯಿಂದ ಬಿದ್ದವು. ಮರುಕ್ಷಣ ಗೌಡರು ಹಿಂದೆ ತಿರುಗಿ ನನ್ನ ಕುತ್ತಿಗೆಗೆ ಎರಡೂ ಕೈ ಸುತ್ತಿ ಜೋತುಬಿದ್ದಿದ್ದರು.

"ಬುಡ್ಬ್ಯಾಡ ಕಣಪ್ಪೋ, ಬುಡ್ಬ್ಯಾಡ!"

"ಏನೂ ಆಗಲ್ಲ, ಕಣ್ಣು ಮುಚ್ಕೊಳ್ಳಿ."

"ಮುಚ್ಚುದ್ರೆ ಬಿದ್ದೋಯ್ತೀನಿ!"

"ಹಾಗಾದ್ರೆ ಪೆಟ್ಟಿಗೆ ತೆಗೀತೀನಿ, ಕೈ ಬಿಡಿ."

"ಕೈ ಬುಟ್ರೆ ಸತ್ತೋಯ್ತೀನಿ! ಇಡ್ಕೋ, ಎಲ್ಡೂ ಕೈಲಿ ಇಡ್ಕೋ!"

ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬ್ರೋಕರ್ ಸಹಾಯಕ್ಕೆ ಬಂದು ಅವರ ಬೆನ್ನು ಮುಟ್ಟಿದ. "ಇದ್ಯಾವನೋ ಇಂದ್ಲಿಂದ ತಳ್ತಾವ್ನೆ!" ಅಂತ ಗೌಡರು ಹಿಮ್ಮುಖವಾಗಿ ಒದ್ದರು. ಬ್ರೋಕರ್ ಬಾಗಿಲ ಹತ್ತಿರ ಹೋಗಿ ಕೂತ. ಆಮೇಲೆ ಅವನು ಏಳಲಿಲ್ಲ.

ಗೌಡರ ದನಿ ಇಳಿಯಿತು. ನನ್ನ ಭುಜಕ್ಕೆ ಮುಖ ಒತ್ತಿಕೊಂಡು, "ಸುಳ್ಳು ಯೋಳಾಕಿಲ್ಲ ಕಣಪ್ಪ. ನಿಂಗ್ ಎಣ್ಣು ಕೊಡ್ಬಾರ್ದು ಅಂತ ಮನೆ ಬುಡುವಾಗ್ಲೇ ತೀರ್ಮಾನ ಮಾಡ್ಕಂಡ್ ಬಂದಿದ್ದೆ. ಬಸ್ ಚಾರ್ಜು ಈ ಬ್ರೋಕರು ಕೊಡ್ತೀನಂದ, ಬಂದೆ. ತೆಪ್ಪಾಯ್ತು. ಇಳ್ಸಪ್ಪ. ನನ್ ಮಗ್ಳುನ್ನ ನಿಂಗೇ ಕೊಡ್ತೀನಿ. ಮುತ್ತೆತ್ತಿರಾಯನಾಣೆಗೂ ಕೊಡ್ತೀನಿ!" ಅಂದರು.

ಅಂತೂ ಪೆಟ್ಟಿಗೆ ಕಳಚಿತು. ಗೌಡರು ಕಾಲ ಕೆಳಗಿನ ನೆಲ ನೋಡಿದರು. ಹೆಬ್ಬೆರಳಲ್ಲಿ ಒತ್ತಿ ನೋಡಿದರು. ಮೀಸೆ ಸರಿಮಾಡಿಕೊಂಡು, ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ಬ್ರೋಕರ್ ಬಾಗಿಲ ಹತ್ತಿರದಿಂದಲೇ, "ಗೌಡ್ರೆ, ಮಾತು ಕೊಟ್ಟಂಗಾಯ್ತಲ್ವಾ?" ಅಂದ.

"ಮಾತು ಮೇಲೆ ಕೊಟ್ಟಿದ್ದು," ಅಂದರು ಗೌಡರು. "ಅಲ್ಗೇ ವೋಗಿ ಈಸ್ಕೊ."

ಮೆಟ್ಟಿಲುಗಳನ್ನು ಒಂದೊಂದಾಗಿ, ಗೋಡೆ ಹಿಡಿದು, ಕೂತು ಕೂತು ಇಳಿದರು.

ಸಂಜೆ ಅಕ್ಕನ ಫೋನು ಬಂತು. "ಬ್ಯಾಡ ಅಂದ್ರು ಕಣ್ಲಾ. ಉಡ್ಗ ಒಳ್ಳೇವ್ನೇ, ಆದ್ರೆ ಅಷ್ಟೆತ್ತರಕ್ಕೆ ನನ್ ಮಗ್ಳುನ್ನ ಕೊಡಾಕಿಲ್ಲ ಅಂದ್ರಂತೆ." ನಮ್ಮದು ಮೊದಲನೇ ಮಹಡಿ. ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಅಕ್ಕ ಕೇಳಿದಳು:

"ಅಲ್ಲ ಕಣ್ಲಾ, ಐದು ನಿಮ್ಸ ಆ ಮನ್ಸ ನಿನ್ ಕುತ್ಗೆಗೆ ನೇತಾಡ್ತಿದ್ನಂತೆ. ಪೆಟ್ಗೆ ಪಕ್ಕದಲ್ಲೇ ಗುಂಡಿ ಐತೆ, ಒತ್ತುದ್ರೆ ಆಟ ನಿಂತೋಯ್ತದೆ ಅಂತ ನೀನೇ ಯೋಳಿದ್ದಲ್ಲ. ಒತ್ತಬಾರ್ದಾಗಿತ್ತಾ?"

ಗುಂಡಿ ಇದ್ದದ್ದು ನಿಜ. ಅವರ ಕಿವಿಯ ಹತ್ತಿರ, ನನ್ನ ಹೆಬ್ಬೆರಳಿಗೆ ತಾಗುವಷ್ಟು ಸಮೀಪದಲ್ಲೇ ಇತ್ತು. ಆದರೆ ಗೌಡರ ಅಂಗಿಯಿಂದ ಮನೆಯ ಸೋಪಿನ ವಾಸನೆ ಬರುತ್ತಿತ್ತು. ಬುಡ್ಬ್ಯಾಡ, ಬುಡ್ಬ್ಯಾಡ ಅನ್ನುತ್ತಿದ್ದರು. ನನ್ನನ್ನು ಯಾರಾದರೂ ಅಷ್ಟು ಗಟ್ಟಿಯಾಗಿ ಅಪ್ಪಿಕೊಂಡು ಎಷ್ಟು ವರ್ಷವಾಗಿತ್ತೋ, ನನಗೇ ನೆನಪಿರಲಿಲ್ಲ.

"ಗುಂಡಿ ಸಿಕ್ನಿಲ್ಲ ಕಣಕ್ಕ," ಅಂದೆ.