ಎರಡು ಒಲೆ, ಒಬ್ಬರು ಫಾದರ್

ಲಿಂಗ ಕಟ್ಟಿಕೊಂಡ ಅವ್ವ, ಶಿಲುಬೆ ಹಾಕಿಕೊಂಡ ಹೆಂಡತಿ ಒಂದೇ ಮನೆಯಲ್ಲಿದ್ದರೆ ನಡುವಿನವನಿಗೆ ದಿನಕ್ಕೊಂದು ಗೊಂದಲ ತಪ್ಪಿದ್ದಲ್ಲ. ನಾನು ಶಿಗ್ಗಾಂವಿಯಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವನು. ಸುಟ್ಟ ಮೋಟಾರಾದರೂ ಅರ್ಥವಾಗುತ್ತದೆ, ನನ್ನ ಮನೆ ಅರ್ಥವಾಗುವುದಿಲ್ಲ. ಹೆಂಡತಿ ಹಾನಗಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸ್, ಕಥೋಲಿಕಳು. ಮದುವೆಯಾಗಿ ವರ್ಷಗಳಾದರೂ ಅವ್ವ ಅವಳ ಕೈಯಡುಗೆ ಮುಟ್ಟಿರಲಿಲ್ಲ. ಲಿಂಗ ಕಟ್ಟದವಳ ಕೈಯಿಂದ ಉಣ್ಣುವುದು ಹೇಗೆಂದು ತನಗೇ ಬೇರೆ ಒಲೆ ಹೂಡಿಕೊಂಡಿದ್ದಳು. ಎರಡೂ ಕಡೆ ಉಂಡು ನನಗೆ ಹೊಟ್ಟೆ ಬಂದಿತ್ತು. ಇವರಿಬ್ಬರೂ ಒಮ್ಮೆಯಾದರೂ ಕೂಡಿ ಉಣ್ಣಲಿ ಎಂಬ ಆಸೆ ಮಾತ್ರ ಹಾಗೇ ಉಳಿದಿತ್ತು.

೧. ಮುಂದಿನ ಬೆಂಚಿನವನು

ಹೆಂಡತಿಯ ಜೊತೆ ಮೊದಲ ಸಲ ಚರ್ಚಿಗೆ ಹೋದೆ. ಅಲ್ಲಿ ಜನ ಏಳುತ್ತಾರೆ, ಕೂರುತ್ತಾರೆ, ಮೊಣಕಾಲೂರುತ್ತಾರೆ. ಯಾವಾಗ ಯಾವುದೆಂದು ತಿಳಿಯದೆ ಮುಂದಿನ ಬೆಂಚಿನವನು ಮಾಡಿದಂತೆ ಮಾಡಿದೆ. ಎಲ್ಲರೂ ಎದ್ದಾಗ ನಾನೂ ಅವನೂ ಕೂತಿದ್ದೆವು, ಎಲ್ಲರೂ ಮೊಣಕಾಲೂರಿದಾಗ ನಿಂತಿದ್ದೆವು.

ಹೊರಗೆ ಬಂದು ಅವನನ್ನು ಹಿಡಿದು, "ಏನ್ರೀ, ನಿಮ್ಮ ಪದ್ಧತಿ ಬ್ಯಾರೇನ?" ಎಂದೆ.

"ನನಗೇನು ಗೊತ್ರಿ? ನಾನೂ ನಿಮ್ಮಂಗ ಇವರ ಮನಿ ಅಳಿಯಾ. ಸವಣೂರಾಂವ. ಹಿಂದ ನಿಮ್ಮನ್ನ ಓರೆಗಣ್ಣಿಲೆ ನೋಡಿಕೋತ ಮಾಡಾಕತ್ತಿದ್ದೆ."

೨. ಪ್ರಸಾದ

ಇನ್ನೊಂದು ಭಾನುವಾರ ಎಲ್ಲರೂ ಪ್ರಸಾದಕ್ಕೆ ಸಾಲು ನಿಂತರು. ನಾನೂ ನಿಂತು ಕೈಯೊಡ್ಡಿದೆ. ಫಾದರ್ ಮೆಲ್ಲಗೆ, "ನೀವು ಕಥೋಲಿಕರೇ?" ಎಂದರು. "ಅಲ್ರಿ, ಈಕಿ ಗಂಡ್ರಿ," ಎಂದೆ. ಅವರು ನಕ್ಕು, ಪ್ರಸಾದ ಕೊಡದೆ ತಲೆಯ ಮೇಲೆ ಕೈಯಿಟ್ಟು ಕಳಿಸಿದರು.

ಮನೆಗೆ ಬಂದು ಹೇಳಿದರೆ ಅವ್ವನಿಗೆ ಸಿಟ್ಟು ನೆತ್ತಿಗೇರಿತು. "ನಮ್ಮ ಮಠದಾಗ ಉಣ್ಣಾಕ ಕುಂತಾಂವಗ ಯಾವ ಜಾತಿ ಅಂತ ಕೇಳತಾರೇನು? ಕೈ ಒಡ್ಡಿದಾಂವನ್ನ ಹಂಗ ಕಳಸೂದು ಎಂಥಾ ದೇವರ ಮನಿ?"

ಹೆಂಡತಿ ತಣ್ಣಗೆ, "ಅತ್ತೀ, ನೀವು ನನ್ನ ಕೈಯಾಗಿಂದು ಉಣ್ಣಂಗಿಲ್ಲಲ್ರಿ?" ಎಂದಳು.

ಅವ್ವ, "ಅದು ಬ್ಯಾರೆ," ಎಂದಳು. ಹೇಗೆ ಬೇರೆ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

೩. ವಿಭೂತಿ

ಈಸ್ಟರಿಗೆ ಮುಂಚಿನ ಉಪವಾಸ ಶುರುವಾಗುವ ಬುಧವಾರ ಅವರಲ್ಲಿ ಹಣೆಗೆ ಬೂದಿ ಹಚ್ಚುತ್ತಾರೆ. ಹೆಂಡತಿ ಹಾಗೆ ಮನೆಗೆ ಬಂದಳು. ಸೊಸೆಯ ಹಣೆಯಲ್ಲಿ ವಿಭೂತಿ ಕಂಡು ಅವ್ವನ ಮುಖ ಅರಳಿತು. ಹತ್ತಿರ ಬಂದು ನೋಡಿದರೆ ಒಂದು ಗೆರೆ ಅಡ್ಡ, ಒಂದು ಗೆರೆ ಉದ್ದ.

"ವಯಸ್ಸಾಗಿರಬೇಕು ನಿಮ್ಮ ಫಾದರ್‌ಗೆ," ಎಂದು ಮರುಗಿದಳು, "ಕೈ ನಡುಗತಾವು." ತನ್ನ ವಿಭೂತಿ ಗಟ್ಟಿ ತಂದು ಅದರ ಮೇಲೆಯೇ ಮೂರು ಬೆರಳು ಸರಿಯಾಗಿ ಎಳೆದಳು. ಹೆಂಡತಿ ಎರಡನ್ನೂ ಅಳಿಸಲಾರದೆ ಹಾಗೇ ಡ್ಯೂಟಿಗೆ ಹೋದಳು.

೪. ಶಿಕ್ಷೆ

ಹಬ್ಬ ಹತ್ತಿರ ಬಂದಂತೆ ಹೆಂಡತಿ ಪಾಪ ಹೇಳಿಕೊಂಡು ಬಂದಳು. ಫಾದರ್ ಮುಂದೆ ಏನು ಹೇಳಿದೆ ಎಂದು ಅವ್ವ ಕೇಳಿದರೆ, "ಹೊರಗ ಹೇಳಬಾರದ್ರಿ, ಅತ್ತೀ," ಎಂದಳು. ತನ್ನದೇ ಸುದ್ದಿ ಹೇಳಿರಬೇಕೆಂದು ಅವ್ವ ಒಳಗೊಳಗೇ ಬೆಂದು, ಮುಂದಿನ ವಾರ ನಮ್ಮಿಬ್ಬರ ಜೊತೆ ನನ್ನ ಬೈಕು ಹತ್ತಿ ಚರ್ಚಿಗೇ ಬಂದಳು. ಹೋಗಿ ಪಾಪ ಕೇಳುವ ಫಾದರ್ ಮುಂದೆ ಕುಂತೇ ಬಿಟ್ಟಳು. ಅವ್ವನಿಗೆ ಕಿವಿ ಮಂದ; ಗುಟ್ಟು ಹೇಳಿದರೂ ಆಚೆ ಹೊಲಕ್ಕೆ ಕೇಳುತ್ತದೆ. ಫಾದರ್ ಕೂಡ ದನಿ ಎತ್ತಲೇಬೇಕಾಯಿತು.

"ನಮ್ಮ ಸೊಸಿ ಸಾರಿಗೆ ಹುಳಿ ಭಾಳ ಹಾಕ್ತಾಳ್ರಿ."

"ತಾಯಿ, ಇಲ್ಲಿ ನಿಮ್ಮ ಪಾಪ ಹೇಳಬೇಕು."

"ನನ್ನವು ಆಕಿ ಹ್ವಾದ ವಾರನ ಹೇಳಿ ಮುಗಿಸಿರಬೇಕಲ್ರಿ?"

ಬೆಂಚಿನಲ್ಲಿದ್ದ ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಮುಟ್ಟದ ಸಾರಿನ ಹುಳಿ ಅವ್ವನಿಗೆ ಹೇಗೆ ಗೊತ್ತು? ನಮ್ಮ ಮನೆಯ ಎರಡು ಒಲೆಯ ಸುದ್ದಿ ಊರಿಗೇ ಗೊತ್ತಿದ್ದರಿಂದ ಫಾದರ್‌ಗೂ ಅದೇ ಅನುಮಾನ ಬಂದು ಕೇಳಿದರು.

ಅವ್ವ ತನ್ನ ಮಟ್ಟಿಗೆ ಗುಟ್ಟಾಗಿ, "ಆಕಿ ಡ್ಯೂಟಿಗೆ ಹ್ವಾದಾಗ ಒಂದೊಂದು ಬಟ್ಟಲಾ ಕುಡೀತೇನಿ," ಎಂದಳು.

"ಹಾಗಾದರೆ ಇನ್ನು ಮೇಲೆ ಅವಳ ಎದುರಿಗೇ ಕೂತು ಉಣ್ಣಿ. ಅದೇ ನಿಮಗೆ ಪ್ರಾಯಶ್ಚಿತ್ತ."

"ಹುಳಿ ಹಾಕಿದಾಕಿ ಆಕಿ, ಶಿಕ್ಷಾ ನನಗ್ಯಾಕ್ರಿ?"

ಅಂದು ಸಂಜೆ ಅವ್ವ ತನ್ನ ಒಲೆ ಹೊತ್ತಿಸಲಿಲ್ಲ. ತಾಟು ಹಿಡಿದುಕೊಂಡು ಬಂದು ಸೊಸೆಯ ಮುಂದೆ ಕುಂತಳು. ಹೆಂಡತಿ ಅಂಜುತ್ತಲೇ ಬಡಿಸಿ, "ಹುಳಿ ಆಗೇತೇನ್ರಿ, ಅತ್ತೀ?" ಎಂದಳು.

"ಆಗೇತಿ," ಎಂದಳು ಅವ್ವ. "ಇನ್ನೊಂದು ಸೌಟು ಹಾಕು. ಶಿಕ್ಷಾ ಪೂರಾ ಆಗಲಿ."