ಒಂದು ನೋಂದಣಿ, ಗಂಡನ ಬಲಗಾಲು

ಒಮ್ಮೆ ಕಲಿತ ವಿದ್ಯೆ ಕೊನೆಯವರೆಗೂ ಜೊತೆಗಿರುತ್ತದೆ ಎಂದು ಧೈರ್ಯವಾಗಿ ಹೇಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರು ಯಾರೂ ನೋಂದಣಿ ನವೀಕರಿಸಬೇಕಾದ ಕೆಲಸ ಮಾಡಿದವರಲ್ಲ. ನನ್ನದು ಕೃತಕ ಕೈಕಾಲು, ಪೋಲಿಯೊ ಆದವರ ಕಾಲಿಗೆ ಆಸರೆಯಾಗುವ ಕ್ಯಾಲಿಪರ್, ಸೊಂಟಕ್ಕೆ ಬೆಲ್ಟ್, ಇವನ್ನೆಲ್ಲ ಅಳತೆ ತೆಗೆದು ತಯಾರಿಸುವ ವೃತ್ತಿ. ತೊಂಬತ್ತರ ದಶಕದಲ್ಲಿ ಓದು ಮುಗಿಸಿ ದೆಹಲಿಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡೆ. ಅದೇನು ಕೆಲಸವೆಂದು ಬಂಟ್ವಾಳದ ನಮ್ಮ ಬಂಧುಬಳಗಕ್ಕೆ ವಿವರಿಸಿ ಮುಗಿಸುವಷ್ಟರಲ್ಲಿ ಮದುವೆಯಾಗಿ ಗಂಡ ಹನೀಫರ ಜೊತೆ ಸೌದಿಯ ದಮ್ಮಾಮಿಗೆ ಹೋದೆ. ಅಲ್ಲಿ ನಾನು ಅಳೆದದ್ದು ಅಕ್ಕಿ ಬೇಳೆ ಮಾತ್ರ. ಮಕ್ಕಳ ಶಾಲೆಗೆಂದು ಗಂಡನನ್ನು ಅಲ್ಲೇ ಬಿಟ್ಟು ಊರಿಗೆ ಮರಳಿ ಪೆಟ್ಟಿಗೆ ತೆರೆದು ನೋಡಿದರೆ, ನೋಂದಣಿಯ ಅವಧಿ ಯಾವತ್ತೋ ಮುಗಿದಿತ್ತು.

ಬೆಳ್ತಂಗಡಿಯಲ್ಲಿ ಒಬ್ಬ ಡಾಕ್ಟರು ಹೊಸ ಆಸ್ಪತ್ರೆ ತೆರೆದಿದ್ದರು. ನನ್ನ ಓದಿನ ವಿಷಯ ಕೇಳಿ ಅವರಿಗೆ ಬಹಳ ಖುಷಿಯಾಯಿತು.

"ಸೋಮವಾರದಿಂದಲೇ ಬನ್ನಿ. ನೋಂದಣಿ ಗಿಂದಣಿ ಎಲ್ಲ ಇಲ್ಲಿ ಯಾರು ಕೇಳ್ತಾರೆ ಮಾರಾಯ್ರೆ?"

"ನಾನೇ ಕೇಳ್ತೇನೆ ಡಾಕ್ಟ್ರೆ. ಅದಾಗದೆ ನಾನು ಒಂದು ಬೆಲ್ಟ್ ಸಹ ಮಾಡುವುದಿಲ್ಲ."

ಅಷ್ಟು ಠೀವಿಯಿಂದ ಹೇಳಿ ಎದ್ದುಬಂದೆನಾದರೂ ಬಸ್ಸಿನಲ್ಲಿ ಕೂತ ಮೇಲೆ ಲೆಕ್ಕ ಹಾಕತೊಡಗಿದೆ. ಅವರು ಎಷ್ಟು ದಿನ ತಾನೇ ಕಾಯುತ್ತಾರೆ? ಈ ಕೆಲಸ ತಪ್ಪಿದರೆ ನಾನು ಓದಿದ್ದು ಮದುವೆಯ ಮಾತುಕತೆಗೆ ಒದಗಿದ್ದು ಬಿಟ್ಟರೆ ಮತ್ತೆ ಯಾವುದಕ್ಕೂ ಒದಗಲಿಲ್ಲವೆಂದೇ ಅರ್ಥ. ಆದರೂ ಸುಳ್ಳಿನ ಮೇಲೆ ಅಂಗಡಿ ತೆರೆಯುವ ಪೈಕಿ ನಾನಲ್ಲ ಎಂಬ ಜಂಬ ನನಗೆ ವಿಪರೀತ. ಪರಿಷತ್ತಿಗೆ ಬರೆದೆ. ಮಂಗಳೂರಿನಲ್ಲಿ ನಡೆಯುವ ಪುನರಭ್ಯಾಸ ಶಿಬಿರಕ್ಕೆ ಹಾಜರಾಗಬೇಕು, ಕೊನೆಯ ದಿನ ಪರೀಕ್ಷಕರ ಎದುರು ಒಂದು ಕಾಲಿನ ಅಚ್ಚು ತೆಗೆದು ತೋರಿಸಬೇಕು ಎಂದು ಉತ್ತರ ಬಂತು.

ಅಚ್ಚು ತೆಗೆಯುವುದೆಂದರೆ, ಕಾಲಿಗೆ ತೆಳು ಕಾಲುಚೀಲ ತೊಡಿಸಿ, ಮೂಳೆ ಎದ್ದು ಕಾಣುವಲ್ಲಿ ಗುರುತು ಹಾಕಿ, ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಅದು ಗಟ್ಟಿಯಾದೊಡನೆ ಮುಂದಿನಿಂದ ಕೊಯ್ದು ಕಳಚುವುದು. ಓದುವಾಗ ಮಾತಾಡುತ್ತಲೇ ಮಾಡುತ್ತಿದ್ದೆ. ಈಗ ಕೈಗೆ ಏನೂ ನೆನಪಿರಲಿಲ್ಲ. ಅಭ್ಯಾಸಕ್ಕೆ ಕಾಲು ಬೇಕಲ್ಲ? ಮೊದಲ ಬಾರಿ ಕೂತ ಅತ್ತೆ, "ನನ್ನ ಕಾಲು ನನಗೆ ಇನ್ನೂ ಬೇಕುಂಟು" ಎಂದು ಎರಡನೆಯ ಸಲ ಒಳಗೆ ಎಳೆದುಕೊಂಡರು. ಮಕ್ಕಳು ನನ್ನ ಕೈಯಲ್ಲಿ ಬಕೆಟು ಕಂಡರೆ ಓಡತೊಡಗಿದರು. ಆ ಹೊತ್ತಿಗೆ ದೇವರೇ ಕಳಿಸಿದಂತೆ ಹನೀಫರು ರಜೆಗೆ ಬಂದರು.

ಬಂದ ಮರುದಿನ ಬೆಳಿಗ್ಗೆಯೇ ಅವರ ಬಲಗಾಲನ್ನು ಮೊಣಕಾಲಿನವರೆಗೆ ಸುತ್ತಿ ಚಾವಡಿಯಲ್ಲಿ ಕೂರಿಸಿದ್ದೆ. ಅದಿನ್ನೂ ಒಣಗುತ್ತಿರುವಾಗ, ಗಲ್ಫಿನಿಂದ ಬಂದ ಅಕ್ಕನ ಮಗನನ್ನು ನೋಡಲೆಂದು ಮೂಡುಬಿದಿರೆಯ ಐಸಮ್ಮ ಚಿಕ್ಕಮ್ಮ ಮೆಟ್ಟಿಲು ಹತ್ತಿದರು. ಬಿಳೀ ಕಾಲು ಕಂಡದ್ದೇ ಅಲ್ಲೇ ಕುಸಿದು ಕೂತು ಅಳಲು ಶುರು. "ಏನೂ ಆಗಲಿಲ್ಲ ಚಿಕ್ಕಮ್ಮ, ಇದು ಪರೀಕ್ಷೆಗೆ" ಎಂದೆ. ಎಕ್ಸರೇ ಪರೀಕ್ಷೆಯೂ ಆಗಿದೆ ಎಂದುಕೊಂಡರೋ ಏನೋ, ಇನ್ನೂ ಜೋರಾಗಿ ಅತ್ತರು. ನಾನು ಬಚ್ಚಲಿಗೆ ಹೋಗಿ ಕತ್ತರಿ ತರುವಷ್ಟರಲ್ಲಿ ಫೋನು ಅವರ ಕೈಯಲ್ಲಿತ್ತು.

ಅಚ್ಚು ಕಳಚಿ ಬಿಸಿಲಿಗೆ ಇಟ್ಟಾಯಿತು. ಹನೀಫರು ಕಾಲು ತೊಳೆದು ಚಾ ಕುಡಿದದ್ದೂ ಆಯಿತು. ಮಧ್ಯಾಹ್ನದ ಹೊತ್ತಿಗೆ ಕಲ್ಲಡ್ಕದಿಂದ ನೆಂಟರ ಮೊದಲ ತಂಡ ಆಪಲು, ಬ್ರೆಡ್ಡು ಹಿಡಿದುಕೊಂಡು ಬಂತು. ನಮ್ಮಲ್ಲಿ ಕಾಲು ಮುರಿದ ಸುದ್ದಿ ಕೇಳಿ ನೋಡಲು ಹೋಗದಿದ್ದರೆ ಆ ಮಾತು ಮೊಮ್ಮಕ್ಕಳ ಮದುವೆಯವರೆಗೂ ಉಳಿಯುತ್ತದೆ. ಅಂಗಳದಲ್ಲಿ ಓಡಾಡುತ್ತಿದ್ದ ಗಂಡನನ್ನು ಅತ್ತೆ ತೋಳು ಹಿಡಿದು ಒಳಗೆಳೆದರು.

"ಪಾಪ, ಈ ಸೆಕೆಗೆ ಬಸ್ಸಿನಲ್ಲಿ ಬಂದಿದ್ದಾರೆ. ಒಂದು ಗಳಿಗೆ ಕಾಲು ನೀಡಿ ಮಲಗಿದ್ರೆ ನಿನಗೆ ಏನು ಹೋಗ್ತದೆ?"

ಹನೀಫರು ಹೊದಿಕೆ ಎಳೆದುಕೊಂಡು ಮಲಗಿದರು. ಬಂದವರು ಹಣೆ ಮುಟ್ಟಿ ನೋಡಿದರು, ಕಾಲು ಮುಟ್ಟಲು ಯಾರಿಗೂ ಧೈರ್ಯ ಬರಲಿಲ್ಲ. ನಾನು ಪ್ರತಿಯೊಬ್ಬರಿಗೂ ನಿಜ ಹೇಳಿದೆ. ಗಂಡನ ಚಿಂತೆಯಲ್ಲಿ ಏನೇನೋ ಮಾತಾಡುತ್ತಿದ್ದಾಳೆ ಎಂದು ನನ್ನ ತಲೆಯನ್ನೂ ನೇವರಿಸಿದರು. ಸಂಜೆ ಎಲ್ಲರೂ ಹೋದ ಮೇಲೆ ಹನೀಫರು ಎದ್ದು, ಎರಡೂ ಕಾಲಿನಲ್ಲಿ ಸಲೀಸಾಗಿ ನಡೆದು ಮಸೀದಿಗೆ ಹೋದರು. ಅದನ್ನು ಇಡೀ ಪೇಟೆ ನೋಡಿತು.

ನನಗೆ ಇದಕ್ಕೆಲ್ಲ ಪುರುಸೊತ್ತಿರಲಿಲ್ಲ. ರಜೆ ಮುಗಿಯುವವರೆಗೂ ಆ ಕಾಲನ್ನು ನಾನು ಬಿಡಲಿಲ್ಲ. ವಿಮಾನ ಹತ್ತುವಾಗ ಅವರ ಉಗುರಿನ ಸಂದಿಯಲ್ಲಿ ಪ್ಲಾಸ್ಟರ್ ಇತ್ತು. ಮಂಗಳೂರಿನಲ್ಲಿ ಪರೀಕ್ಷಕರು ನನ್ನ ಅಚ್ಚನ್ನು ತಿರುಗಿಸಿ ತಿರುಗಿಸಿ ನೋಡಿ, "ಅಭ್ಯಾಸ ಬಿಟ್ಟವರ ಕೈಯಲ್ಲ ಇದು" ಎಂದರು. ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಅಷ್ಟು ಸಂತೋಷ. ಪ್ರಮಾಣಪತ್ರ ಬಂದ ವಾರವೇ ಅದಕ್ಕೆ ಕಟ್ಟು ಹಾಕಿಸಿ ಬೆಳ್ತಂಗಡಿಯ ಆಸ್ಪತ್ರೆಯಲ್ಲಿ ನನ್ನ ಕುರ್ಚಿಯ ಹಿಂದೆ ನೇತುಹಾಕಿದೆ.

ಮೊದಲ ದಿನವೇ ಮುಂಡಾಜೆಯ ಜಿನರಾಜ ಹೆಗ್ಡೆ ಎಂಬವರು ಮಗಳನ್ನು ಕರೆದುಕೊಂಡು ಬಂದರು. ಆ ಹುಡುಗಿ ಪ್ರತಿ ಹೆಜ್ಜೆಗೂ ಅಂಗೈಯಿಂದ ಮೊಣಕಾಲನ್ನು ಹಿಂದಕ್ಕೆ ಒತ್ತಿ ಹಿಡಿದು ನಡೆಯುತ್ತಿದ್ದಳು. ಪೋಲಿಯೊ. ಅವಳಿಗೆ ಏನು ಬೇಕೆಂದು ಅವಳು ಬಾಗಿಲು ದಾಟುವಾಗಲೇ ನನಗೆ ಗೊತ್ತಾಯಿತು.

"ತುಂಬ ಕಡೆ ತೋರಿಸಿ ಆಯ್ತು. ಇನ್ನು ಯಾರ ಹತ್ತಿರವೂ ಹೋಗುವುದಿಲ್ಲ ಅಂತ ಇದ್ದೆ," ಎಂದರು ಹೆಗ್ಡೆಯವರು. "ಮೂಡುಬಿದಿರೆಯಲ್ಲಿ ನಮ್ಮ ಭಾವನ ಜವಳಿ ಅಂಗಡಿಗೆ ನಿಮ್ಮ ಚಿಕ್ಕಮ್ಮ ಬರ್ತಾರೆ. ಬೆಳಿಗ್ಗೆ ಮುರಿದ ಯಜಮಾನರ ಕಾಲನ್ನು ನೀವು ಸಂಜೆಗೆ ನಡೆಸಿದ್ರಂತಲ್ಲ. ಅದನ್ನು ಕೇಳಿ ಬಂದದ್ದು."

ಮುರಿದ ಮೂಳೆ ನನ್ನ ಕೆಲಸವಲ್ಲ ಎಂದೆ. ಕಾಲು ಗುಣವಾಗುವುದಿಲ್ಲ, ಆದರೆ ನಾನು ಮಾಡುವ ಕ್ಯಾಲಿಪರ್ ಹಾಕಿದರೆ ಇವಳು ಮೊಣಕಾಲು ಒತ್ತಿ ಹಿಡಿಯದೆ ನಡೆಯುತ್ತಾಳೆ ಎಂದೂ ಹೇಳಿದೆ. ಅವರ ಕಿವಿಗೆ ಬಿದ್ದದ್ದು ಮೊದಲಿನ ಮಾತು ಮಾತ್ರ. ಮುಖ ಸಣ್ಣದಾಯಿತು. ಮಗಳ ಕೈ ಹಿಡಿದು ಅರ್ಧ ಎದ್ದರು.

"ಹಾಗಾದ್ರೆ ಯಜಮಾನರ ಕಾಲು ಮುರಿದೇ ಇರಲಿಲ್ವಾ?"

ಅವಳೂ ಏಳಲೆಂದು ಅಂಗೈಯನ್ನು ಮೊಣಕಾಲಿನ ಮೇಲೆ ಇಟ್ಟಳು. ಇವರು ಈಗ ಮೆಟ್ಟಿಲು ಇಳಿದರೆ ಮತ್ತೆ ಯಾರ ಬಾಗಿಲಿಗೂ ಬರುವವರಲ್ಲ. ಗೋಡೆಯ ಮೇಲಿನ ಪ್ರಮಾಣಪತ್ರ ನನ್ನ ಬೆನ್ನ ಹಿಂದೆ ಇತ್ತು. ನಾನು ತಿರುಗಿ ನೋಡಲಿಲ್ಲ.

"ಕೂತುಕೊಳ್ಳಿ," ಎಂದೆ. "ಸ್ವಲ್ಪ ಮುರಿದಿತ್ತು."